ಇಟಲಿಯ ರಜೆಗೆ ನಾನು ಕಾವಲು

ಆಗಸ್ಟ್ ಹದಿನೈದು, ಗುರುವಾರ. ಬೆಳಿಗ್ಗೆ ಏಳಕ್ಕೇ ಮೂವತ್ತೇಳು ಡಿಗ್ರಿ. ಬಸ್ಸಿನಿಂದ ಇಳಿದ ಕೂಡಲೇ ಕನ್ನಡಕದ ಮೇಲೆ ಆವಿ.

ಬಹರೈನಿನ ಸಿತ್ರಾದಲ್ಲಿರುವ ನಮ್ಮ ಕಂಪನಿ ಇಟಲಿಯವರದು. ಅವರ ದೇಶಕ್ಕೆ ಹಬ್ಬ ಬಂದಾಗಲೆಲ್ಲ ಇಲ್ಲಿ ನನಗೆ ಒಂದು ಪ್ರಸಂಗ ಕಾದಿರುತ್ತದೆ. ಅವರಿಗೆ ರಜೆ, ಕಾಗದಪತ್ರ ನೋಡಿಕೊಳ್ಳುವ ನನಗೆ ಕೆಲಸ. ‘ನಮ್ಮ ರಜೆಯಲ್ಲಿ ಒಂದು ದಿನ ದುಡಿದರೆ ನಿನಗೆ ಒಂದು ದಿನ ಬದಲಿ ರಜೆ’ ಎಂದು ಮ್ಯಾನೇಜರ್ ಏಪ್ರಿಲಿನಲ್ಲೇ ಮಾತು ಕೊಟ್ಟಿದ್ದ. ನನಗೆ ಬೇಕಿದ್ದದ್ದು ಮೂರೇ ದಿನ. ಆಗಸ್ಟ್ ಇಪ್ಪತ್ತಕ್ಕೆ ಉಡುಪಿಯಲ್ಲಿ ಮಗಳ ನಿಶ್ಚಿತಾರ್ಥ. ವರ್ಷದ ರಜೆಯನ್ನು ಮದುವೆಗೆಂದು ಉಳಿಸಿಟ್ಟಿದ್ದೆ.

೧. ಬಿಡುಗಡೆಯ ದಿನ

ಏಪ್ರಿಲ್ ಇಪ್ಪತ್ತೈದು. ೧೯೪೫ರಲ್ಲಿ ಫ್ಯಾಸಿಸ್ಟರಿಂದಲೂ ಜರ್ಮನ್ ಸೈನ್ಯದಿಂದಲೂ ಇಟಲಿ ಬಿಡುಗಡೆಯಾದದ್ದರ ನೆನಪು.

‘ನಾಳೆ ಆಫೀಸು ಮುಚ್ಚಿರುತ್ತದೆ. ನೀನು ಬಾ’ ಎಂದ ಮ್ಯಾನೇಜರ್ ಹಿಂದಿನ ದಿನ.

‘ಮುಚ್ಚಿದ್ದರೆ ಎಲ್ಲಿ ಕೂರಲಿ?’

‘ಒಳಗೆ. ಯಾರಾದರೂ ಫೋನ್ ಮಾಡಿದರೆ ಯಾರೂ ಇಲ್ಲ ಅನ್ನು.’

ಕಾವಲುಗಾರನಿಗೂ ಆಫೀಸು ಮುಚ್ಚಿದೆ ಎಂದಷ್ಟೇ ಹೇಳಿದ್ದರು. ಅವನು ಹೊರಗಿನಿಂದ ಬೀಗ ಹಾಕಿ ಊಟಕ್ಕೆ ಹೋದ. ಇಟಲಿಯ ಬಿಡುಗಡೆಯನ್ನು ನಾನು ಮಧ್ಯಾಹ್ನ ಮೂರರವರೆಗೆ ಬೀಗದೊಳಗೆ ಆಚರಿಸಿದೆ.

೨. ರಾಜನ ಟಿಕೆಟ್

ಜೂನ್ ಎರಡು ಅವರ ಗಣರಾಜ್ಯದ ದಿನ. ೧೯೪೬ರಲ್ಲಿ ಜನ ವೋಟು ಹಾಕಿ ರಾಜ ಬೇಡ ಎಂದರು. ಅವನು ವಿಮಾನ ಹತ್ತಿ ದೇಶ ಬಿಟ್ಟ. ಆ ದಿನವೂ ದುಡಿಯುತ್ತಿದ್ದ ನಮ್ಮ ಕುಂದಾಪುರದ ಪೈಪ್ ಫಿಟ್ಟರ್‌ಗೆ ಈ ಕಥೆ ಹೇಳಿದೆ. ಊರಿಗೆ ಹೋಗಲು ಕಂಪನಿ ಕೊಡಬೇಕಾದ ಟಿಕೆಟ್ ಎರಡು ವರ್ಷದಿಂದ ಅವನಿಗೆ ಸಿಕ್ಕಿಲ್ಲ.

‘ಬೇಡ ಅಂತ ವಿಮಾನ ಹತ್ತಿಸಿ ಕಳಿಸಿದ್ರಾ?’

‘ಹೌದು.’

‘ಪುಣ್ಯವಂತ ಮಾರಾಯ್ರೆ. ನಾವು ಅವರಿಗೆ ಬೇಕಾದವರು. ಹಾಗಾಗಿ ಟಿಕೆಟ್ ಇಲ್ಲ.’

೩. ಚಕ್ರವರ್ತಿ ಕೊಟ್ಟ ವಿಶ್ರಾಂತಿ

ಆಗಸ್ಟ್ ಹದಿನೈದು ನಮಗೆ ಸ್ವಾತಂತ್ರ್ಯದ ದಿನ, ನಮ್ಮ ಮಂಗಳೂರಿನ ಕ್ರೈಸ್ತರಿಗೆ ಮಾತೆ ಮರಿಯಳ ಹಬ್ಬ, ಇಟಲಿಯವರಿಗೆ ಫೆರಾಗೊಸ್ತೊ. ರೋಮಿನ ಅಗಸ್ಟಸ್ ಚಕ್ರವರ್ತಿ ಸುಗ್ಗಿಯಲ್ಲಿ ಬೆವರಿದ ಕೂಲಿಗಳಿಗೆಂದು ಕೊಟ್ಟ ವಿಶ್ರಾಂತಿ ಅದು. ಮುಂದೆ ಆ ದಿನ ಕೆಲಸದವರು ಹೋಗಿ ಧಣಿಗೆ ಶುಭ ಕೋರುವುದು, ಧಣಿ ಅವರ ಕೈಗೆ ಏನಾದರೂ ಇಡುವುದು ಪದ್ಧತಿಯಾಯಿತು.

ಹನ್ನೊಂದಕ್ಕೆ ಮ್ಯಾನೇಜರ್ ಅರ್ಧ ಚಡ್ಡಿಯಲ್ಲಿ ಬಂದ. ಸಮುದ್ರದ ದಂಡೆಯಲ್ಲಿ ಊರುವ ಅವನ ದೊಡ್ಡ ಕೊಡೆ ಆಫೀಸಿನ ಸ್ಟೋರಿನಲ್ಲಿತ್ತು. ನಾನು ಎದ್ದು ಶುಭ ಕೋರಿದೆ. ಅಗಸ್ಟಸ್‌ನಿಂದ ಹಿಡಿದು ಧಣಿಯ ಕೈಯವರೆಗೆ ಎಲ್ಲ ಹೇಳಿ, ರಜೆಯ ಅರ್ಜಿ ಮುಂದಿಟ್ಟೆ.

‘ಇಷ್ಟೆಲ್ಲ ನನಗೇ ಗೊತ್ತಿರಲಿಲ್ಲ’ ಎಂದ. ಕಣ್ಣಲ್ಲಿ ನಿಜವಾದ ಮೆಚ್ಚುಗೆ. ‘ಆದರೆ ಸಹಿ ಹಾಕಬೇಕಾದವನು ಮಿಲಾನಿನಲ್ಲಿ. ಅವನು ರಜೆಯಲ್ಲಿದ್ದಾನೆ. ಆಗಸ್ಟ್ ಪೂರ್ತಿ ಇಟಲಿಗೆ ಇಟಲಿಯೇ ಮುಚ್ಚಿರುತ್ತದೆ. ಸೆಪ್ಟೆಂಬರ್ ಎರಡಕ್ಕೆ ಕೇಳು.’

‘ನಿಶ್ಚಿತಾರ್ಥ ಮಂಗಳವಾರ.’

‘ಮುಂದೆ ಹಾಕಲಾಗುವುದಿಲ್ಲವೇ?’

‘ನಿಮ್ಮ ಅಗಸ್ಟಸ್‌ನನ್ನು ಮುಂದೆ ಹಾಕಲಾದೀತೇ?’ ಎಂದೆ. ಹತ್ತು ವರ್ಷದಲ್ಲಿ ಅವನ ಎದುರು ನಾನು ಸ್ವರ ಏರಿಸಿದ್ದು ಅದೊಂದೇ ಸಲ. ಅವನು ಮುಖ ತಗ್ಗಿಸಿಕೊಂಡು ಹೊರಗೆ ಹೋದ. ಕಾರಿನ ಡಿಕ್ಕಿ ತೆರೆದ ಸದ್ದಾಯಿತು. ತಿರುಗಿ ಬಂದು, ‘ನೀನು ಹೇಳಿದ ಪದ್ಧತಿಯನ್ನು ಮುರಿಯುವುದು ಬೇಡ’ ಎಂದು ಮೇಜಿನ ಮೇಲೆ, ನನ್ನ ಅರ್ಜಿಯ ಮೇಲೆಯೇ, ಒಂದು ಉಡುಗೊರೆ ಇಟ್ಟು, ಕೊಡೆ ಹೊತ್ತು ಸಮುದ್ರಕ್ಕೆ ಹೊರಟ.

ಸಂಜೆ ಉಡುಪಿಯಿಂದ ಹೆಂಡತಿಯ ಫೋನ್.

‘ರಜೆ ಕೊಟ್ರಾ?’

‘ಇಲ್ಲ. ಉಂಗುರ ಹಾಕುವಾಗ ವಿಡಿಯೋ ಕಾಲ್ ಮಾಡಿ. ನೋಡ್ತೇನೆ.’

‘ಮೂರು ದಿನ ದುಡಿದದ್ದಕ್ಕೆ ಕೊನೆಗೆ ಎಂತ ಕೊಟ್ಟ ಅವ?’

‘ಕಲ್ಲಂಗಡಿ.’

‘ಇಡೀ ಹಣ್ಣಾ?’

‘ಅರ್ಧ.’