ಗಟ್ಟಿಮೇಳಕ್ಕೊಂದು ಲೈಸೆನ್ಸು

"ಬನ್ನಿ ವಿದ್ವಾನ್ರೇ, ಕೂತ್ಕೊಳ್ಳಿ! ಇವತ್ತಿಗೆ ನಿಮ್ಮ ಕಷ್ಟ ತೀರಿತು ಅಂತ ತಿಳ್ಕೊಳ್ಳಿ!"

ಅಳಸಿಂಗಾಚಾರ್ರು ಹೀಗೆ ಬಾಗಿಲಲ್ಲೇ ಕೂಗಿ ಕರೆದಾಗ ಗಂಗಹನುಮಯ್ಯನ ಎದೆ ಒಂದು ಸಲ ಹೂವಾಯಿತು, ಮರುಕ್ಷಣ ಧಸಕ್ಕೆಂದಿತು. ಹೂವಾದದ್ದು ಯಾಕೆಂದರೆ, ಇಡೀ ಕುಣಿಗಲ್ ತಾಲ್ಲೂಕಿನಲ್ಲಿ ಆಚಾರ್ರಂಥ ತಲೆ ಇನ್ನೊಂದಿಲ್ಲ ಎಂಬುದು ಅವನ ಗಟ್ಟಿ ನಂಬಿಕೆ. ಧಸಕ್ಕೆಂದದ್ದು ಯಾಕೆಂದರೆ, ಆ ತಲೆಯಿಂದ ಹೊರಬಿದ್ದ ತೆಂಗಿನಕಾಯಿ ತುರಿಯುವ ಯಂತ್ರ ಹೋದ ವರ್ಷ ಕಾಯಿ ಮುಗಿಸಿ, ಮಣೆ ಮುಗಿಸಿ, ಅಡುಗೆಮನೆಯ ಬಾಗಿಲಿನ ಅರ್ಧ ಅಡಿಯನ್ನೂ ನುಣ್ಣಗೆ ತುರಿದುಹಾಕಿತ್ತು. ಹೈಸ್ಕೂಲಿನಲ್ಲಿ ಮೂವತ್ತು ವರ್ಷ ಭೌತವಿಜ್ಞಾನ ಹೇಳಿ ನಿವೃತ್ತರಾದ ಮೇಷ್ಟರು ಸುಮ್ಮನೆ ಕೂರುವುದಾದರೂ ಹೇಗೆ, ಪಾಪ!

ಗಂಗಹನುಮಯ್ಯನ ಕಷ್ಟ ಹಲ್ಲಿನದು. ಐವತ್ತು ವರ್ಷ ಊರಿನ ಮದುವೆಗಳಿಗೆಲ್ಲ ನಾದಸ್ವರ ಊದಿದ ಬಾಯಿ ಅದು. ಯುಗಾದಿಯ ಹೊತ್ತಿಗೆ ಹಲ್ಲೆಲ್ಲ ಉದುರಿ, ಡಾಕ್ಟರು ಕಟ್ಟಿಸಿದ ಸೆಟ್ಟು ಬಂತು. ಸೆಟ್ಟು ಹಾಕಿಕೊಂಡು ನಾದಸ್ವರದ ತುದಿಯ ಪೀಪಿ ಬಾಯಿಗಿಟ್ಟರೆ ಹಲ್ಲು ಒಂದು ಕಡೆ, ಪೀಪಿ ಒಂದು ಕಡೆ ಜಾರುತ್ತಿತ್ತು. ಬರೀ ಪುಸ್ ಎಂಬ ಗಾಳಿ. ಸೆಟ್ಟು ತೆಗೆದು ಊದೋಣವೆಂದರೆ ಆ ಬೊಚ್ಚುಬಾಯಿ ಜನರಿಗೆ ತೋರಿಸಲು ನಾಚಿಕೆ, ಅಪಸ್ವರ ಬಂದರೆ ಇನ್ನೂ ನಾಚಿಕೆ. ಇತ್ತ ಮೊಮ್ಮಗಳು ಚಂದ್ರಕಲಾಳ ಮದುವೆಗೆ ಹನ್ನೆರಡೇ ದಿನ ಉಳಿದಿತ್ತು. ಆರು ವರ್ಷದವಳಿದ್ದಾಗ ಅವಳು ತಾತನ ಮಡಿಲಲ್ಲಿ ಕೂತು, "ನನ್ ಮದ್ವೇಲಿ ನೀನೇ ಊದ್ಬೇಕು, ಬೇರೆ ಯಾರಾದ್ರೂ ಊದಿದ್ರೆ ನಾ ಎದ್ದು ಹೊರಟೋಗ್ತೀನಿ" ಎಂದು ಕೈಮೇಲೆ ಕೈ ಹಾಕಿಸಿಕೊಂಡಿದ್ದಳು. ಆ ಮಾತು ಈಗ ಅವನ ನಿದ್ದೆ ಕೆಡಿಸಿತ್ತು.

"ಇಲ್ನೋಡಿ!" ಎಂದು ಆಚಾರ್ರು ಮೇಜಿನ ಮೇಲಿನ ಬಟ್ಟೆ ಸರಕ್ಕನೆ ಎಳೆದರು. ಹಳೆಯ ಹಾರ್ಮೋನಿಯಂ ಪೆಟ್ಟಿಗೆಯೊಳಗೆ ಒಂದು ಕಂಪ್ಯೂಟರು, ಅದರಿಂದ ಹೊರಟ ವೈರು, ವೈರಿನ ತುದಿಯಲ್ಲಿ ನಾದಸ್ವರದಷ್ಟೇ ಉದ್ದದ ಮರದ ಕೊಳವೆ. ತೂತುಗಳ ಜಾಗದಲ್ಲಿ ಗುಂಡಿಗಳು. "ಊದೋದೇ ಬೇಡ. ಬೆರಳಾಡ್ಸಿ, ಸಾಕು. ಮೆಲ್ಲಗೆ ಒತ್ತಿದ್ರೆ ಮೆಲ್ಲಗೆ ನುಡಿಯುತ್ತೆ, ಅದುಮಿದ್ರೆ ಜೋರು. ಉಸಿರು ಕಂಪ್ಯೂಟರಿಂದು, ವಿದ್ಯೆ ನಿಮ್ಮದು!"

"ಅಬ್ಬಬ್ಬಾ! ಒಳಗೆ ಯಾರು ಕೂತು ಊದ್ತಾರೆ ಸ್ವಾಮಿ?"

"ಅದಕ್ಕೆ ಪ್ಲಗಿನ್ ಅಂತಾರೆ. ದೊಡ್ಡೋರ ಕೈಲಿ ಒಂದೊಂದೇ ಸ್ವರ ನುಡಿಸಿ ಹಿಡಿದಿಟ್ಟಿರ್ತಾರೆ. ಅಂಥವು ಒಂಬತ್ತು ತರಿಸಿದೀನಿ. ನೀವು ಕೇಳಿ, ಮಾರ್ಕ್ಸ್ ಹಾಕಿ. ನಾನು ಬರ್ಕೋತೀನಿ."

ಮೊದಲನೆಯದು ಘಾಟಿ ಹತ್ತುವ ಲಾರಿಯ ಹಾರನ್ನಿನಂತೆ ಒದರಿತು. ನೂರಕ್ಕೆ ನಾಲ್ಕು. ಎರಡನೆಯದು ಶುರುವಾದದ್ದೇ ತಡ, ಆಚಾರ್ರ ಹೆಂಡತಿ ಕನಕವಲ್ಲಮ್ಮ ಸೀರೆ ಎತ್ತಿ ಹಿಡಿದುಕೊಂಡು ಅಡುಗೆಮನೆಯಿಂದ ಓಡಿ ಬಂದು, "ಎಲ್ರೀ ಹಾವು? ಪುಂಗಿ ಊದೋನನ್ನ ಒಳಗೆ ಯಾಕ್ರೀ ಬಿಟ್ಕೊಂಡ್ರಿ?" ಎಂದು ಕುರ್ಚಿಯ ಕೆಳಗೆಲ್ಲ ಹುಡುಕಿದರು. ಅದಕ್ಕೆ ಸೊನ್ನೆ. ಮೂರನೆಯದರಲ್ಲಿ ಸ್ವರಗಳೆಲ್ಲ ಸರಿಯಾಗಿದ್ದವು. ಆದರೆ ಗಂಗಹನುಮಯ್ಯ ಮುಖ ಸಿಂಡರಿಸಿ, "ಇಸ್ತ್ರಿ ಹಾಕ್ದಂಗಿದೆ ಬುದ್ಧಿ, ಎಲ್ಲೂ ಒಂದು ಮಡಿಕೆ ಇಲ್ಲ. ಗಮಕ ಅನ್ನೋದು ಬೇಡ್ವಾ?" ಎಂದ. ನಾಲ್ಕನೆಯದು ಐದೈದು ನಿಮಿಷಕ್ಕೂ ಬಾಯಿ ಮುಚ್ಚಿಕೊಂಡು "ನೀವು ನೀವೇ ಎಂದು ದೃಢಪಡಿಸಿ" ಎಂದು ಕೇಳುತ್ತಿತ್ತು. ಐದರಿಂದ ಎಂಟರವರೆಗೆ ಹೇಳಿಕೊಳ್ಳುವಂಥದ್ದೇನೂ ಇರಲಿಲ್ಲ.

ಒಂಬತ್ತನೆಯದು ನುಡಿಯಿತು ನೋಡಿ! ಗಂಗಹನುಮಯ್ಯನ ಮೈ ಜುಮ್ಮೆಂದಿತು. ಏನು ತುಂಬು ನಾದ, ಏನು ಗತ್ತು! ಮೇಲಿನ ಷಡ್ಜಕ್ಕೆ ಹೋಗುವ ಮುಂಚೆ ನಿಷಾದದ ಮೇಲೆ ಒಂದು ಗಳಿಗೆ ಕೂತು, ಅಯ್ಯೋ ಹೋಗಬೇಕಲ್ಲ ಎಂಬಂತೆ ಎದ್ದು ಹೋಗುವ ಆ ಚಾಳಿ! ಅದನ್ನು ಬಿಡಿಸಲು ಗುರುಗಳು ಯಾರ ಬೆರಳಿಗೆ ಕೋಲಿನಲ್ಲಿ ಬಾರಿಸುತ್ತಿದ್ದರು?

"ಆಚಾರ್ರೇ," ಎಂದ ಅವನು, "ಇದು ನಾನು!"

ನಿಜವೇ. ಹದಿನೈದು ವರ್ಷದ ಹಿಂದೆ ಯಾರೋ ಬೆಂಗಳೂರಿಗೆ ಕರೆದೊಯ್ದು, ಗೋಡೆಗೆಲ್ಲ ಹಾಸಿಗೆ ಬಡಿದಿದ್ದ ತಣ್ಣನೆಯ ಕೋಣೆಯಲ್ಲಿ ಕೂರಿಸಿ, ಇಡೀ ದಿನ ಒಂದೊಂದೇ ಸ್ವರ ಊದಿಸಿ, ಶಾಲು ಹೊದಿಸಿ ಕಳಿಸಿದ್ದರು. ಅವನು ಅದನ್ನು ಮರೆತೇ ಬಿಟ್ಟಿದ್ದ. ಆಚಾರ್ರು ಎದ್ದು ನಿಂತು ಕೈಮುಗಿದು, ನೂರಕ್ಕೆ ನೂರಾ ಒಂದು ಅಂಕ ಬರೆದರು.

ಸರಿ, ಅಷ್ಟಕ್ಕೇ ನಿಂತಿದ್ದರೆ ಈ ಕತೆಯೇ ಇರುತ್ತಿರಲಿಲ್ಲ. ಆಚಾರ್ರಿಗೆ ಒಂದು ದುರ್ಬುದ್ಧಿ, ಅಂದರೆ ಸದ್ಬುದ್ಧಿ. ಲೋಕದವರೆಲ್ಲ ಕಣ್ಣುಮುಚ್ಚಿ 'ಒಪ್ಪಿದ್ದೇನೆ' ಎಂದು ಒತ್ತುವ ಲೈಸೆನ್ಸ್ ಪತ್ರವನ್ನು ಅವರು ಓದುತ್ತಾರೆ! ನಲವತ್ತಾರು ಪುಟ, ಪೆನ್ಸಿಲ್ ಹಿಡಿದು, ಎರಡು ದಿನ.

"ನನ್ನ ಉಸಿರಿಗೆ ನಾನೇ ಲೈಸೆನ್ಸ್ ತಗೋಬೇಕಾ?" ಎಂದು ಗಂಗಹನುಮಯ್ಯ ಕೂಗಾಡಿದ.

"ತಗೋಬೇಕು. ಆ ನಾದ ಈಗ ಕಂಪನಿಯೋರದು. ನೀವೇ ಸಹಿ ಹಾಕಿದೀರಿ ವಿದ್ವಾನ್ರೇ."

"ಶಾಲು ಹೊದಿಸ್ತಾ ಇದ್ರು ಸ್ವಾಮಿ, ಬಲಗೈ ಒಳಗೆ ಸಿಕ್ಕೊಂಡಿತ್ತು! ಎಡಗೈಲಿ ಗೀಚಿದ್ದೂ ಸಹೀನಾ?"

"ಕಾನೂನಿಗೆ ಕೈ ಎಡವೋ ಬಲವೋ ಗೊತ್ತಾಗಲ್ಲ," ಎಂದ ಆಚಾರ್ರು ಲೈಸೆನ್ಸ್ ತೆಗೆದುಕೊಂಡೇ ಬಿಟ್ಟರು. ಆದರೆ ಮೂವತ್ತೊಂದನೇ ಪುಟದಲ್ಲಿ ಅವರ ಪೆನ್ಸಿಲ್ ನಿಂತಿತು. ಈ ನಾದದ ಜೊತೆಯಲ್ಲಿ ಅನುಮತಿಯಿಲ್ಲದ ಬೇರಾವ ನಾದವೂ ಕೇಳಿಬರದಂತೆ ಬಳಕೆದಾರರು ನೋಡಿಕೊಳ್ಳತಕ್ಕದ್ದು, ಎಂದಿತ್ತು. ಬೇರೆ ಯಾರಾದರೂ ಆಗಿದ್ದರೆ ನಕ್ಕು ಪುಟ ತಿರುವುತ್ತಿದ್ದರು. ಆಚಾರ್ರು ಒಂದು ವಾರ ಊಟ ತಿಂಡಿ ಬಿಟ್ಟು ಅದಕ್ಕೂ ಯಂತ್ರ ಕಟ್ಟಿದರು!

"ಬಾಗಿಲನ್ನ ನೀವು ಆ ಕಡೆಯಿಂದ ನೂಕಿ, ನಾನು ಈ ಕಡೆಯಿಂದ ಅಷ್ಟೇ ಜೋರಾಗಿ ನೂಕ್ತೀನಿ. ಬಾಗಿಲು ಅಲ್ಲಾಡುತ್ತಾ? ಇಲ್ಲ. ಸದ್ದೂ ಹಾಗೇ. ಬರೋ ಸದ್ದಿಗೆ ಅದರದೇ ತಿರುವುಮುರುವು ಅಲೆ ಎಸೆದ್ರೆ ಎರಡೂ ಸತ್ತು ಮೌನ! ಛತ್ರದ ನಾಲ್ಕು ಮೂಲೆಗೆ ನಾಲ್ಕು ಸ್ಪೀಕರು. ಪೆಟ್ಟಿಗೆ ಪ್ರತಿ ಸದ್ದನ್ನೂ ಕೇಳುತ್ತೆ, ನಿನ್ನ ಒಡೆಯ ಯಾರು, ಅನುಮತಿ ಇದೆಯಾ ಅಂತ ನೋಡುತ್ತೆ. ಇಲ್ಲ ಅಂದ್ರೆ ಗಪ್‌ಚಿಪ್! ಮಾತಿಗೆ ಮಾತ್ರ ತೊಂದ್ರೆ ಇಲ್ಲ, ಅವರವರ ಮಾತು ಅವರವರ ಸ್ವಂತದ್ದು."

ಎಂಥ ತಲೆ! ಎಂದು ಗಂಗಹನುಮಯ್ಯ ಬೆರಗಾದ. ಎಲ್ಲ ಸ್ವರ, ಎಲ್ಲ ಕಾಲ, ಎಲ್ಲ ರಾಗ ಪರೀಕ್ಷೆ ಮಾಡಿದರು. ಕೊನೆಗೆ ಅವನು ಪೂರಾ ಅದುಮಿ ಗಟ್ಟಿಮೇಳ ನುಡಿಸಿ ನೋಡಲು ಹೊರಟಾಗ ಕನಕವಲ್ಲಮ್ಮ ಸೌಟು ಹಿಡಿದು ಅಡ್ಡ ನಿಂತರು.

"ಮದುವೆ ಇಲ್ಲದ ಮನೇಲಿ ಗಟ್ಟಿಮೇಳವಾ? ಶುಭ ಅಶುಭ ನೋಡಲ್ವಾ ನೀವು?"

"ನಮ್ಮಿಬ್ಬರಿಗೆ ಮದುವೆ ಆಗಿದೆಯಲ್ಲೇ!"

"ಓಹೋ, ಇನ್ನೊಂದು ಆಗೋ ಯೋಚನೆ ಇದೆಯೋ?"

ಆಚಾರ್ರು ತಾವೇ ಹೋಗಿ ಪೆಟ್ಟಿಗೆಯ ವೈರು ಕಿತ್ತರು. ಗಟ್ಟಿಮೇಳ ಒಂದು ಪರೀಕ್ಷೆಯಾಗದೆ ಉಳಿಯಿತು.

ಮದುವೆಯ ಬೆಳಿಗ್ಗೆ ಗಂಗಹನುಮಯ್ಯ ಜರಿಪೇಟ ಸುತ್ತಿಕೊಂಡು ಮರದ ಕೊಳವೆ ಹಿಡಿದು ಕೂತ. ತನ್ನ ನಾದಸ್ವರವನ್ನೂ ತಂದು, ಪೂಜೆ ಮಾಡಿ, ಪಕ್ಕದಲ್ಲೇ ಮಲಗಿಸಿಕೊಂಡಿದ್ದ. ಅದನ್ನು ಬಿಟ್ಟು ಅವನು ಒಂದು ಮದುವೆಗೂ ಹೋದವನಲ್ಲ. ಬೆರಳಾಡಿಸಿದ್ದೇ ತಡ, ಹದಿನೈದು ವರ್ಷದ ಹಿಂದಿನ ಅವನದೇ ಉಸಿರು ಛತ್ರವನ್ನು ತುಂಬಿತು. ಬೀಗರ ಕಡೆಯವರು ಕಾಫಿ ಲೋಟ ಹಿಡಿದು ಬಂದು ನಿಂತರು. ಚಂದ್ರಕಲಾ ಕೋಣೆಯ ಬಾಗಿಲಿನಿಂದ ಇಣುಕಿ ನಕ್ಕಳು. ಆಚಾರ್ರು ಪೆಟ್ಟಿಗೆಯ ಹಿಂದೆ ಕೂತು ಮೀಸೆ ತಿರುವುತ್ತಿದ್ದರು.

ಮೊದಲು ಯಾರದೋ ಜೇಬಿನಲ್ಲಿ ಫೋನು ಕುಣಿಯಿತು, ಸದ್ದು ಬರಲಿಲ್ಲ. ಒಳ್ಳೆಯದೇ ಆಯಿತೆಂದರು ಎಲ್ಲರೂ. ಊಟದ ಮನೆಯಲ್ಲಿ ಹಾಕಿದ್ದ ಸಿನಿಮಾ ಹಾಡು ನಿಂತಿತು, ಅದೂ ಒಳ್ಳೆಯದೇ. ಆಮೇಲೆ ಹೆಂಗಸರು ಹಸೆಗೆ ಕರೆಯುವ ಹಾಡು ಎತ್ತಿಕೊಂಡರು. ಏಳು ಬಾಯಿ ತೆರೆದವು, ಏಳು ಬಾಯಿ ಮುಚ್ಚಿದವು, ಒಂದು ಸ್ವರ ಹೊರಬೀಳಲಿಲ್ಲ! ಪೆಟ್ಟಿಗೆಯ ಪರದೆಯ ಮೇಲೆ ಅಕ್ಷರ ಮೂಡಿತು: 'ಹಾಡು ಕಟ್ಟಿದವರು: ಯಾರದೋ ಅಜ್ಜಿ. ಅಜ್ಜಿಯ ಸಹಿ: ಇಲ್ಲ.'

"ರೀ ಮೇಷ್ಟ್ರೇ, ನಮ್ಮ ಗಂಟಲಿಗೆ ಏನು ಮಾಟ ಮಾಡಿದ್ರಿ?" ಎಂದು ಹೆಂಗಸರು ಮುಗಿಬಿದ್ದರು.

ಅಷ್ಟರಲ್ಲಿ ಮಂಟಪದಲ್ಲಿ ಜೋಯಿಸರ ಮಂತ್ರವೂ ನಿಂತಿತು. ತುಟಿ ಆಡುತ್ತಿದೆ, ಕೈ ಆಡುತ್ತಿದೆ, ಸದ್ದಿಲ್ಲ! ಪರದೆ ಕೇಳಿತು: 'ಕರ್ತೃ ಯಾರು?' ಆಚಾರ್ರು ಬೆವರೊರೆಸಿಕೊಂಡು ಅದನ್ನೇ ಜೋಯಿಸರಿಗೆ ಕೂಗಿ ಕೇಳಿದರು.

"ಕರ್ತೃವೇ? ವೇದಕ್ಕೆ ಕರ್ತೃವೇ? ಅಪೌರುಷೇಯ ಕಣಯ್ಯಾ! ಯಾರೂ ಬರೆದದ್ದಲ್ಲ! ಅಷ್ಟೂ ಗೊತ್ತಿಲ್ವೇನಯ್ಯಾ ನಿನಗೆ?"

ಪೆಟ್ಟಿಗೆ ಅದನ್ನೂ ಕೇಳಿಸಿಕೊಂಡಿತು. 'ಯಾರೂ ಬರೆದಿಲ್ಲವಾದ್ದರಿಂದ ಅನುಮತಿ ಕೊಡುವವರು ಯಾರೂ ಇಲ್ಲ' ಎಂದು ತೀರ್ಪು ಬರೆಯಿತು.

"ನಿಲ್ಸಿ ಅದನ್ನ!" ಎಂದು ಬೀಗರು ಗುಡುಗಿದರು.

ಆಚಾರ್ರ ಮುಖ ಬಾಡಿತು. "ನಿಲ್ಸೋಕೆ ಒಂದೇ ದಾರಿ. ಇಲ್ಲಿ 'ಒಪ್ಪುವುದಿಲ್ಲ' ಅಂತ ಗುಂಡಿ ಇದೆ. ಒತ್ತಿದ್ರೆ ಲೈಸೆನ್ಸೇ ರದ್ದು. ಆಮೇಲೆ ನಾದಸ್ವರವೂ ಇಲ್ಲ," ಎಂದು ಗಂಗಹನುಮಯ್ಯನ ಕಡೆ ನೋಡಿದರು.

ಗಂಗಹನುಮಯ್ಯ ಹಸೆಮಣೆಯ ಮೇಲಿದ್ದ ಮೊಮ್ಮಗಳ ಕಡೆ ನೋಡಿದ. "ಗಟ್ಟಿಮೇಳ ಒಂದು ಆಗೋಗ್ಲಿ ಸ್ವಾಮಿ. ನಿಮ್ಮ ಕಾಲಿಗೆ ಬೀಳ್ತೀನಿ, ಅದೊಂದು ಆಗೋಗ್ಲಿ," ಎಂದ.

ಜೋಯಿಸರು ತೋರುಬೆರಳೆತ್ತಿ ಆಡಿಸಿದರು. "ಗಟ್ಟಿಮೇಳ! ಗಟ್ಟಿಮೇಳ!" ಹುಡುಗ ತಾಳಿ ಎತ್ತಿಕೊಂಡ. ಗಂಗಹನುಮಯ್ಯ ಇದ್ದಬದ್ದ ಶಕ್ತಿಯನ್ನೆಲ್ಲ ಬೆರಳಿಗೆ ತಂದು ಗುಂಡಿಗಳನ್ನು ಅದುಮಿದ.

ಏನೂ ಇಲ್ಲ! ಪರದೆ ಹೇಳಿತು: 'ಇಷ್ಟು ಜೋರಿನ ಉಸಿರು ದಾಖಲಾಗಿಲ್ಲ.'

ಗಂಗಹನುಮಯ್ಯನಿಗೆ ಫಕ್ಕನೆ ನೆನಪಾಯಿತು. ಆ ತಣ್ಣನೆಯ ಕೋಣೆಯಲ್ಲಿ ಮೆಲ್ಲಗೆ ಊದಿಸಿದರು, ನಡುವೆ ಊದಿಸಿದರು, ಜೋರಾಗಿ ಊದಿಸಿದರು. ಕೊನೆಗೆ ಗಟ್ಟಿಮೇಳದ ಜೋರಿನಲ್ಲಿ ಒಂದು ಸಲ ಎಂದಾಗ ಅವನು, "ಎಲ್ಲಿ ಹೆಣ್ಣು? ಎಲ್ಲಿ ಗಂಡು?" ಎಂದು ಕೇಳಿ, ವಾದ್ಯ ಚೀಲಕ್ಕೆ ಹಾಕಿಕೊಂಡು ಎದ್ದು ಬಂದಿದ್ದ!

ಮೊದಲ ಗಂಟು ಬೀಳುತ್ತಿತ್ತು. ಅವನು ಮರದ ಕೊಳವೆ ಬಿಸಾಡಿದ. ಹಲ್ಲಿನ ಸೆಟ್ಟು ಕಿತ್ತು ಜೇಬಿಗಿಟ್ಟ. ತನ್ನ ನಾದಸ್ವರ ಎತ್ತಿ ಬೊಚ್ಚುಬಾಯಿಗಿಟ್ಟು ಊದಿದ. ಕೆನ್ನೆ ಉಬ್ಬಿತು, ಕೊರಳ ನರ ಬಿಗಿಯಿತು, ಸದ್ದಿಲ್ಲ. 'ಇದು ಲೈಸೆನ್ಸ್ ಪಡೆದ ನಾದದ ನಕಲು' ಎಂದಿತು ಪೆಟ್ಟಿಗೆ.

ಅದೇ ಹೊತ್ತಿಗೆ ಗಂಡಿನ ಸೋದರಮಾವನ ಮೂಗು ಕೆಂಪಾಯಿತು, ಬಾಯಿ ತೆರೆಯಿತು, ತಲೆ ಹಿಂದಕ್ಕೆ ಹೋಯಿತು. ಸೀನು! ತಾಳಿ ಕಟ್ಟುವಾಗ! ಹೆಂಗಸರೆಲ್ಲ ಎದೆ ಮುಟ್ಟಿಕೊಂಡರು. ತಲೆ ರಪ್ಪನೆ ಮುಂದಕ್ಕೆ ಬಂತು, ಪಂಚೆ ಹಾರಿತು, ಸದ್ದು ಮಾತ್ರ ಬರಲಿಲ್ಲ. 'ಸೀನು. ಇದೇ ಸದ್ದು ಹಿಂದೆ ಬೇರೆಯವರಿಂದಲೂ ಕೇಳಿದೆ. ನಕಲು.' ಅಪಶಕುನ ಕಿವಿಗೆ ಬೀಳದಿರಲಿ ಎಂದಲ್ಲವೇ ಗಟ್ಟಿಮೇಳ ಬಾರಿಸುವುದು? ಆ ಕೆಲಸವನ್ನು ಪೆಟ್ಟಿಗೆ ಮೌನವಾಗಿಯೇ ಮಾಡಿ ಮುಗಿಸಿತ್ತು. ಎರಡನೇ ಗಂಟೂ ಬಿತ್ತು.

ಗಂಗಹನುಮಯ್ಯ ಊದುತ್ತಲೇ ಇದ್ದ. ಒಂದು ವಿಚಿತ್ರ ಧೈರ್ಯ ಬಂದಿತ್ತು ಅವನಿಗೆ. ಯಾರಿಗೂ ಕೇಳಿಸುವುದಿಲ್ಲವೆಂದ ಮೇಲೆ ಅಪಸ್ವರಕ್ಕೆ ಯಾಕೆ ಹೆದರಬೇಕು? ಪೀಪಿ ಅತ್ತ ಜಾರಿತು, ಇತ್ತ ಜಾರಿತು, ಆಮೇಲೆ ಬರೀ ವಸಡಿನ ನಡುವೆ ಗಟ್ಟಿಯಾಗಿ ಕೂತಿತು. ಕಿವಿಗೆ ಕೇಳದಿದ್ದರೂ ಎದೆಗೂಡಿಗೆ ಗೊತ್ತಾಯಿತು, ಸ್ವರ ಹತ್ತಿದೆ! ಸರಿಯಾಗಿ ಹತ್ತಿದೆ!

ಆಚಾರ್ರಿಗೂ ಗೊತ್ತಾಯಿತು. ಗೆಳೆಯನ ಆ ಮುಖ ಅವರು ಮೂವತ್ತು ವರ್ಷದಿಂದ ನೋಡುತ್ತ ಬಂದಿದ್ದರು. ಜನ್ಮದಲ್ಲಿ ಒಂದು ನಿಯಮ ಮೀರದ ಮನುಷ್ಯ ಬೆರಳು ಚಾಚಿ, "ಒಪ್ಪೋದಿಲ್ಲ ಕಣೋ! ಹೋಗೋ, ಒಪ್ಪೋದಿಲ್ಲ!" ಎಂದು ಕೂಗುತ್ತಾ ಗುಂಡಿ ಒತ್ತಿದರು.

ಮೂರನೇ ಗಂಟಿಗೆ ನಾದಸ್ವರ ಮೊಳಗಿತು. ಏನೆಂದು ಹೇಳುವುದು! ಹದಿನೈದು ವರ್ಷದ ಹಿಂದಿನ ಉಸಿರಲ್ಲ, ಇವತ್ತಿನದು. ಒರಟು, ಬಿಸಿ, ಸೂರು ಹಾರಿಸುವಷ್ಟು ಜೋರು. ತಲೆ ತಗ್ಗಿಸಿ ಕೂತಿದ್ದ ಚಂದ್ರಕಲಾ ಶಾಸ್ತ್ರ ಮರೆತು ಮುಖವೆತ್ತಿ ತಾತನನ್ನು ನೋಡಿದಳು, ಅಳುತ್ತಾ ನಕ್ಕಳು. ಅಕ್ಷತೆ ಹಾಕಬೇಕೆಂಬುದು ಜನರಿಗೆ ಆಮೇಲೆ ನೆನಪಾಯಿತು. ಆಚಾರ್ರು ಪೆಟ್ಟಿಗೆಯ ಹಿಂದೆ ಕೂತು ಮೇಲುಹೊದಿಕೆಯಿಂದ ಕಣ್ಣೊರೆಸಿಕೊಂಡರು. ಜೋಯಿಸರು ಮಾತ್ರ ಮಂತ್ರವನ್ನೆಲ್ಲ ಮೊದಲಿಂದ ಇನ್ನೊಂದು ಸಲ ಹೇಳಿದರು, ಊಟ ಒಂದು ಗಂಟೆ ತಡವಾಯಿತು.

ನಾಲ್ಕನೇ ದಿನ ವಿಡಿಯೋದವನು ಲ್ಯಾಪ್‌ಟಾಪ್ ಹಿಡಿದುಕೊಂಡು ತಲೆ ಕೆರೆಯುತ್ತಾ ಬಂದ. ಗಂಗಹನುಮಯ್ಯ, ಆಚಾರ್ರು ಇಬ್ಬರೂ ಜಗಲಿಯಲ್ಲಿ ಕೂತಿದ್ದರು.

"ತಾತ, ಮುಹೂರ್ತದಲ್ಲಿ ಮೂರನೇ ಗಂಟಿನಿಂದ ಈಚೆಗೆ ಸೌಂಡ್ ಚೆನ್ನಾಗಿದೆ. ಅದರ ಹಿಂದೆ ಎಲ್ಲ ಖಾಲಿ. ಅಲ್ಲಿಗೆ ಏನಾದ್ರೂ ತುಂಬ್ಸಲೇಬೇಕು. ನನ್ನ ಹತ್ರ ಒಂದು ನಾದಸ್ವರದ ಪ್ಲಗಿನ್ ಇದೆ, ಲೈಸೆನ್ಸೂ ಇದೆ. ಯಾರೋ ಭಾರಿ ವಿದ್ವಾಂಸರು ಊದಿರೋದಂತೆ. ಕೇಳ್ತೀರಾ?"

ಕೇಳಿಸಿದ. ನಿಷಾದದ ಮೇಲೆ ಒಂದು ಗಳಿಗೆ ಕೂತು ಏಳುವ ಅದೇ ಚಾಳಿ! ಆಚಾರ್ರು ಬಾಯಿ ತೆರೆಯಹೊರಟರು, ಗಂಗಹನುಮಯ್ಯ ಅವರ ತೊಡೆ ಚಿವುಟಿ ಸುಮ್ಮನಾಗಿಸಿದ. ಕಣ್ಣುಮುಚ್ಚಿ ಪೂರ್ತಿ ಕೇಳಿ ತಲೆದೂಗಿದ.

"ಹಾಕಪ್ಪಾ, ಪರವಾಗಿಲ್ಲ," ಎಂದ. "ಹಲ್ಲಿರೋನಲ್ವಾ, ಅವನ ಕೈಲಿ ಅಷ್ಟೇ ಆಗೋದು."