ಬೇಡದ್ದನ್ನೆಲ್ಲ ಕಿತ್ತವನ ಕಂಪ್ಯೂಟರು

ನನ್ನ ತಂಗಿಯ ಗಂಡ ಬ್ರಹ್ಮನ ಪಕ್ಕದಲ್ಲಿ ಕೂತಿದ್ದರೆ ಮನುಷ್ಯನಿಗೆ ಮೂಗಿನಲ್ಲಿ ಒಂದೇ ಹೊಳ್ಳೆ ಇರುತ್ತಿತ್ತು. ಎರಡನೆಯದು ಯಾಕೆ, ಒಳಗೆ ಹೋಗುವುದು ಅದೇ ಗಾಳಿಯಲ್ಲವೇ ಎಂದು ವಾದಿಸಿ, ಸೃಷ್ಟಿಕರ್ತನ ಕೈಯಿಂದಲೇ ಮುಚ್ಚಿಸಿಬಿಡುತ್ತಿದ್ದ!

ನಾನು ಡ್ರಿಲ್ ಮಾಸ್ತರನಾಗಿದ್ದವನು. ಪ್ರತಿ ವಸ್ತು ತನ್ನ ಜಾಗದಲ್ಲಿರುವುದೇ ನನ್ನ ಲೆಕ್ಕದಲ್ಲಿ ಶಿಸ್ತು. ಅವನ ಲೆಕ್ಕದಲ್ಲಿ ಶಿಸ್ತೆಂದರೆ ವಸ್ತುವೇ ಇಲ್ಲದಿರುವುದು. ಎಸ್.ಎಸ್. ಬಡಾವಣೆಯ ಅವನ ಮನೆಯಲ್ಲಿ ಕುರ್ಚಿಗಳಿಗೆ ಕೈಗಳಿರಲಿಲ್ಲ. ಕೂರುವವರಿಗೇ ಎರಡೆರಡು ಇರುವಾಗ ಕುರ್ಚಿಗೆ ಬೇರೆ ಯಾಕಂತೆ. ನಾನು ಅಭ್ಯಾಸಬಲದಿಂದ ಪಕ್ಕಕ್ಕೆ ವಾಲಿ ನೆಲಕ್ಕೆ ಬಿದ್ದೆ. ಸ್ಕೂಟರಿನ ಕನ್ನಡಿ ಹೋಗಿತ್ತು, ದಾಟಿ ಬಂದದ್ದನ್ನು ನೋಡಿ ಏನು ಪ್ರಯೋಜನ? ದಾವಣಗೆರೆಯಲ್ಲೇ ಹುಟ್ಟಿ ಬೆಳೆದವನು ಹೋಟೆಲಿನಲ್ಲಿ ಬೆಣ್ಣೆಯಿಲ್ಲದ ದೋಸೆ ಕೇಳಿದಾಗ ಮಾಲೀಕ ಗಲ್ಲಾ ಬಿಟ್ಟು ಎದ್ದುಬಂದು, ಮೈಯಲ್ಲಿ ಹುಷಾರಿಲ್ಲವೇ ಎಂದು ವಿಚಾರಿಸಿದ್ದ. ಇಂಥವನಿಗೆ ನಮ್ಮ ಹುಡುಗಿಯನ್ನು ಕೊಟ್ಟಿದ್ದೆವು. ಅವಳನ್ನು ಮಾತ್ರ ಅವನು ಬೇಡದ ಸಾಮಾನಿನ ಸಾಲಿಗೆ ಸೇರಿಸಲಿಲ್ಲ ಎಂಬುದೇ ನಮ್ಮ ಪುಣ್ಯ.

ಎಂಬತ್ತರ ದಶಕದ ಕೊನೆಯ ಹೊತ್ತಿಗೆ ಹರಿಹರದ ಅವನ ಕಾರ್ಖಾನೆಗೆ ಒಂದು ಕಂಪ್ಯೂಟರು ಬಂತು. ಬೇರೆ ಯಾರೋ ಬಳಸಿ ಬಿಟ್ಟದ್ದು. ಅದಕ್ಕೆ ಸ್ವಂತ ಬುದ್ಧಿಯಿಲ್ಲ. ಹಪ್ಪಳದಷ್ಟು ತೆಳ್ಳಗಿನ ಕಪ್ಪು ಫ್ಲಾಪಿಯೊಂದನ್ನು ಬಾಯಿಗೆ ತುರುಕಿದರೆ ಅದರಲ್ಲಿದ್ದ ಆಪರೇಟಿಂಗ್ ಸಿಸ್ಟಂ ಓದಿಕೊಂಡು ಎಚ್ಚರವಾಗುತ್ತಿತ್ತು. ಆದರೆ ಆ ಸಿಸ್ಟಮ್ಮೇ ಫ್ಲಾಪಿಯನ್ನೆಲ್ಲ ಆಕ್ರಮಿಸಿ ಉಗ್ರಾಣದ ಕೆಲಸಕ್ಕೆ ಜಾಗ ಉಳಿಯುತ್ತಿರಲಿಲ್ಲ. ದೊಡ್ಡ ಯಂತ್ರ ತರಿಸುವುದೆಂದು ಮ್ಯಾನೇಜರು ಹೊರಟಾಗ ನಮ್ಮವನು ಎದ್ದುನಿಂತು, ಬೇಡದ್ದನ್ನು ಕಿತ್ತರೆ ಇದರಲ್ಲೇ ಆಗುತ್ತದೆ ಎಂದ. ಆಗಲಿ, ಆದರೆ ಅದು ಒಂದು ದಿನ ನಿಂತರೂ ಬೆಂಗಳೂರಿನಿಂದ ಬೇರೆ ಮನುಷ್ಯ ಬರುತ್ತಾನೆ, ನೀನು ಗುಜರಿ ಯಾರ್ಡಿಗೆ ಹೋಗುತ್ತೀಯ ಎಂದರು ಮ್ಯಾನೇಜರು. ತುಕ್ಕು ಕಬ್ಬಿಣ ರಾಶಿ ಹಾಕುವ ಜಾಗ ಅದು. ಅಲ್ಲಿಗೆ ಹೋದ ಗುಮಾಸ್ತರು ಮತ್ತೆ ಫ್ಯಾನಿನ ಕೆಳಗೆ ಕೂತದ್ದನ್ನು ಯಾರೂ ಕಂಡಿರಲಿಲ್ಲ.

ಅವನು ಕೀಳಲು ಕೂತ. ಅಷ್ಟು ವರ್ಷ ಮನೆಯಲ್ಲಿ ಮಾಡಿದ ತಾಲೀಮು ವ್ಯರ್ಥವಾಗಲಿಲ್ಲ! ಒಂದು ಫೈಲು ತೆಗೆಯುವುದು, ಯಂತ್ರ ಆರಿಸಿ ಹಚ್ಚುವುದು, ಕುಂಟಿದರೆ ಅದನ್ನು ವಾಪಸು ಹಾಕಿ ಇನ್ನೊಂದಕ್ಕೆ ಕೈ ಹಾಕುವುದು. ಒಮ್ಮೆ ಯಂತ್ರ ಎಚ್ಚರವಾಯಿತು, ಆದರೆ ಯಾವ ಕೀಲಿ ಒತ್ತಿದರೂ ಕಿವುಡಾಗಿ ಕೂತಿತು. ಕೀಲಿಮಣೆಯ ಫೈಲನ್ನೇ ತೆಗೆದಿದ್ದನಂತೆ. ದಿನಾಂಕ ಕೇಳುವ ಭಾಗವನ್ನೂ ತೆಗೆದ, ಬೋಲ್ಟಿಗೆ ತಿಥಿ ನಕ್ಷತ್ರ ಯಾಕೆ? ಅಂದಿನಿಂದ ಆ ಯಂತ್ರದ ಪಾಲಿಗೆ ದಿನವೂ ಸಾವಿರದ ಒಂಬೈನೂರ ಎಂಬತ್ತರ ಜನವರಿ ಒಂದು. ವಿನೋಬನಗರದ ನಮ್ಮ ಬೀದಿಯ ಕಬ್ಬಿಣದ ವ್ಯಾಪಾರಿ ಸಾಹೇಬರಿಗೆ ಅದರಲ್ಲಿ ಅಚ್ಚಾದ ಆರ್ಡರು ಬಂತು. ಅವರು ಅದನ್ನು ಹಿಡಿದು ನನ್ನ ಮನೆಗೇ ಬಂದರು.

“ಮಾಸ್ತರ್ರೆ, ಈ ಮಾಲು ನನ್ನ ಮಗಳ ನಿಕಾಹ್‌ಕಿಂತ ಮೊದಲೇ ಕೊಡಬೇಕಿತ್ತಂತೆ. ಈಗ ಆಕಿಗೆ ಮೂರು ಮಕ್ಕಳು. ತಡ ಆತು ಅಂತ ನಿಮ್ಮ ಮನಿ ಅಳಿಯ ಜುರ್ಮಾನೆ ಹಾಕ್ತಾರೇನ್ರಿ?”

ತಪ್ಪು ನಡೆದಾಗ ತೆರೆಯ ಮೇಲೆ ಬರುವ ಎಚ್ಚರಿಕೆಯ ಸಾಲುಗಳನ್ನೂ ಅವನು ಬಿಡಲಿಲ್ಲ. ಹಾಗಾಗಿ ಯಂತ್ರಕ್ಕೆ ಏನು ಕಾಯಿಲೆ ಎಂಬುದು ಅವನೊಬ್ಬನಿಗೇ ಗೊತ್ತು. ಪ್ರಿಂಟರನ್ನು ಮೊದಲು ಹಚ್ಚದಿದ್ದರೆ ಅದು ಹೆಪ್ಪುಗಟ್ಟಿದ ಹಾಗೆ ನಿಲ್ಲುತ್ತಿತ್ತು. ಫ್ಲಾಪಿ ತುರುಕುವ ಬಾಯಿಯ ಮುಚ್ಚಳವನ್ನು ಒಮ್ಮೆ ತೆಗೆದು ಹಾಕಿ ಉದ್ದನೆಯ ಕೀಲಿಯನ್ನು ಒತ್ತಿದರೆ ಏನೂ ಆಗದಂತೆ ಮುಂದುವರಿಯುತ್ತಿತ್ತು. ಇಷ್ಟಾದರೂ ಕೆಲಸ ನಡೆಯಿತು. ಕೊನೆಗೆ, ಮೂಲದ ಫ್ಲಾಪಿಯನ್ನೂ ಅಳಿಸಿ ಉಗ್ರಾಣಕ್ಕೆ ಬಳಸಿಕೊಂಡ. ಇನ್ನೊಂದು ಪ್ರತಿ ತೆಗೆದಿಡೋ ಎಂದು ನಾನು ಹೇಳಿದರೆ ಪ್ರತಿ ತೆಗೆಯುವ ಫೈಲನ್ನೇ ಕಿತ್ತಿದ್ದೇನೆ ಎಂದ. ಬುದ್ಧಿವಂತ!

ನನ್ನ ತಂಗಿ ತೀರಿಕೊಂಡು ವರ್ಷಗಳಾದವು. ಆದ್ದರಿಂದಲೇ ಇನ್ನು ಮುಂದಿನದನ್ನು ಬರೆಯುತ್ತಿದ್ದೇನೆ.

ಆಯುಧಪೂಜೆಯ ದಿನ ಆ ಕಾರ್ಖಾನೆಗೆ ಮನೆಯವರಿಗೆಲ್ಲ ಪ್ರವೇಶ. ತಂಗಿ ಹೊಸ ಸೀರೆಯುಟ್ಟು ಹಿತ್ತಾಳೆ ತಟ್ಟೆ ಹಿಡಿದು ಹೊರಟಳು, ನಾನೂ ಜೊತೆಗೆ ಹೋದೆ. ಲೇತ್‌ಗಳಿಗೆಲ್ಲ ಬಾಳೆಕಂದು, ಕ್ರೇನಿಗೆ ಕುಂಬಳಕಾಯಿ. ಗಂಡ ಮ್ಯಾನೇಜರಿಗೆ ಮಂಡಕ್ಕಿ ಮೆಣಸಿನಕಾಯಿ ಕೊಡಲು ಹೋದಾಗ ಇವಳು ಕಂಪ್ಯೂಟರಿನ ಮುಂದೆ ನಿಂತಳು. ಡಬ್ಬಕ್ಕೆ ಕುಂಕುಮವಾಯಿತು, ಹಾರವಾಯಿತು. ಆಮೇಲೆ ಪಕ್ಕದಲ್ಲಿದ್ದ ಫ್ಲಾಪಿಯನ್ನು ಕೈಗೆತ್ತಿಕೊಂಡಳು.

“ಮಿಷನ್ನಿನ ಜೀವ ಇದರಾಗೇ ಐತೆ ಅಂತಾರಣ್ಣ ಅವ್ರು. ಜೀವ ಬಿಟ್ಟು ಬರೇ ಮೈಗೆ ಪೂಜೆ ಮಾಡಿದ್ರ ಹೆಂಗೆ?”

ನ್ಯಾಯವಾದ ಮಾತು. ಫ್ಲಾಪಿಯ ನಡುವೆ ಒಳಗಿನ ತಟ್ಟೆ ಕಾಣುವ ಉದ್ದನೆಯ ಕಿಂಡಿಯೊಂದಿತ್ತು. ಅದರ ಮೇಲೆ ಒದ್ದೆ ವಿಭೂತಿಯ ಮೂರು ಪಟ್ಟೆ ಎಳೆದು, ನಡುವೆ ಕುಂಕುಮವಿಟ್ಟು, ಕಣ್ಣು ಮುಚ್ಚಿದಳು. ಗಂಡನ ಕೆಲಸ ಉಳಿಯಲಿ ಎಂಬುದನ್ನು ಬಿಟ್ಟು ಇನ್ನೇನು ಬೇಡಿರುತ್ತಾಳೆ? ನಾನೂ ಕೈಮುಗಿದೆ. ಅವಳು ಅದನ್ನು ಅದರ ಕಾಗದದ ಲಕೋಟೆಯೊಳಗೆ ಜೋಪಾನವಾಗಿ ಸೇರಿಸಿದಳು.

ಹಬ್ಬ ಕಳೆಯಿತು. ಅವನು ಎಂದಿನಂತೆ ಬೆಳಗಿನ ಬಸ್ಸಿಗೆ ಹೋಗುತ್ತಿದ್ದ, ಸಂಜೆ ಬರುತ್ತಿದ್ದ. ಮಿಷನ್ನು ಹೇಗಿದೆ ಎಂದು ಅವಳು ದಿನವೂ ಕೇಳುವಳು, ಆರಾಮಾಗಿದೆ ಎಂದು ಅವನು ಹೇಳುವನು. ಪೂಜೆಯ ಬಲ ಎಂದು ಅವಳು ಬೀದಿಗೆಲ್ಲ ಹೇಳಿಕೊಂಡು ಬಂದಳು.

ಮುಂದಿನ ಬೇಸಿಗೆಯಲ್ಲಿ ಕೊಂಡಜ್ಜಿಯ ಸ್ಕೌಟು ಶಿಬಿರದಲ್ಲಿ ಡ್ರಿಲ್ ಹೇಳಿಕೊಟ್ಟು ವಾಪಸು ಬರುವಾಗ ಹರಿಹರದಲ್ಲಿ ಬಸ್ಸು ಕೆಟ್ಟಿತು. ಮುಖ ತೊಳೆಯೋಣವೆಂದು ಹೊಳೆಗೆ ಇಳಿದೆ. ತುಂಗಭದ್ರೆಯ ಕಲ್ಲಿನ ಮೇಲೆ ಒಬ್ಬ ಮೊಣಕೈವರೆಗೂ ಮರಳು ಹಾಕಿ ತಿಕ್ಕಿಕೊಳ್ಳುತ್ತಿದ್ದ. ನೀರು ಕೆಂಪಗೆ ಹರಿದುಹೋಗುತ್ತಿತ್ತು, ತುಕ್ಕಿನ ಕೆಂಪು. ತಿರುಗಿದಾಗ ನೋಡಿದರೆ ನಮ್ಮವನು!

ಎಂದಿನಿಂದ ಎಂದು ಕೇಳಿದೆ. ಹಬ್ಬ ಮುಗಿದು ಕಾರ್ಖಾನೆ ತೆರೆದ ದಿನದಿಂದ ಎಂದ. ಲಕೋಟೆಯಿಂದ ತೆಗೆದು ನೋಡಿದನಂತೆ, ವಿಭೂತಿ ಒಣಗಿ ಕಿಂಡಿಯೊಳಗೆ ಇಳಿದಿತ್ತು. ಯಾರಿಗೂ ಕಾಣದಂತೆ ಅಂಗಿಯ ತುದಿಯಲ್ಲಿ ಒರೆಸಿ ಯಂತ್ರಕ್ಕೆ ಹಾಕಿದರೆ ಕರಕರ ಸದ್ದು, ಅಷ್ಟೆ. ಏನಾಯಿತೆಂದು ಮ್ಯಾನೇಜರು ಕೇಳಿದಾಗ, ತಾನೇ ಕೀಳಬಾರದ್ದೇನನ್ನೋ ಕಿತ್ತೆ ಎಂದನಂತೆ. ಇಡೀ ಕಾರ್ಖಾನೆ ಮರುಮಾತಿಲ್ಲದೆ ನಂಬಿತು. ನಂಬದೆ ಏನು? ಅಂಥ ಹೆಸರನ್ನು ಅವನೇ ಸಂಪಾದಿಸಿಕೊಂಡಿದ್ದನಲ್ಲ. ಬೆಂಗಳೂರಿನವನು ಬಂದು ಫ್ಯಾನಿನ ಕೆಳಗೆ ಕೂತ, ಇವನು ಯಾರ್ಡಿಗೆ ನಡೆದ.

ನನಗೆ ಸಿಟ್ಟು ತಡೆಯಲಾಗಲಿಲ್ಲ. ನಿಜ ಹೇಳಲು ಏನು ಧಾಡಿಯಾಗಿತ್ತು ಎಂದು ಗದರಿದೆ. ಹಬ್ಬದ ದಿನ ನಡೆದದ್ದು, ಯಾರಾದರೂ ಕ್ಷಮಿಸುತ್ತಿದ್ದರು.

ಅವನು ಉಗುರಿನ ಸಂದಿಯನ್ನು ಕಡ್ಡಿಯಿಂದ ಕೆದಕುತ್ತಿದ್ದ.

“ಮ್ಯಾನೇಜರ್ರು ಕ್ಷಮಿಸ್ತಿದ್ರು ಭಾವ. ಸುದ್ದಿ ಮನಿಗೂ ಬರ್ತಿತ್ತು. ಆಮ್ಯಾಲೆ ಆಕಿ ವಿಭೂತಿ ಮುಟ್ಟಾಕ ಹೋದಾಗೆಲ್ಲ ಕೈ ಹಿಂದಕ್ಕೆ ತಗೀತಿದ್ಲು. ಅದನ್ನ ದಿನಾ ನಾನು ನೋಡಬೇಕಲ್ಲ?”

ಚೀಲದಿಂದ ಇಸ್ತ್ರಿ ಮಾಡಿದ ಬಿಳಿ ಅಂಗಿ ಹೊರಬಂತು. ಈ ಮನುಷ್ಯನ ಹತ್ತಿರ ಕೆಲಸಕ್ಕೆ ಹಾಕುವ ಇನ್ನೊಂದು ಅಂಗಿ ಇರುವುದನ್ನು ನಾನು ಅವತ್ತೇ ನೋಡಿದ್ದು. ಯಾರ್ಡಿನ ಅಂಗಿಯನ್ನು ಒಗೆದು ಕಲ್ಲಿನ ಮೇಲೆ ಹರವಿ, ಬಿಳಿಯದನ್ನು ತೊಡುವ ಮೊದಲು ನನಗೆ ಬೆನ್ನು ತಿರುಗಿಸಿದ.

“ಕುತ್ತಿಗಿ ಹಿಂದ ಕೆಂಪು ಉಳಿದೈತೇನು ನೋಡ್ರಿ. ಅಲ್ಲಿ ನನಗ ಕಾಣಂಗಿಲ್ಲ.”

ಉಳಿದಿತ್ತು. ನಾನು ಟವೆಲ್ಲಿನ ತುದಿಯನ್ನು ಹೊಳೆಯಲ್ಲಿ ಅದ್ದಿ ಹಿಂಡಿಕೊಂಡು, ಬಗ್ಗು ಎಂದೆ. ಬಗ್ಗಿದ.