ಕಂಡವರ ಫೋನು ಕೇಳುವ ವೈನಿ

ನಮ್ಮ ವೈನಿಗೆ ಮನುಷ್ಯರ ಮುಖವೇ ಕಾಣಿಸುವುದಿಲ್ಲ. ಎದುರಿಗೆ ಬಂದವರ ಕೈಯಲ್ಲಿ ಫೋನಿದ್ದರೆ ವೈನಿಯ ದೃಷ್ಟಿ ಅಲ್ಲೇ ನಿಂತುಬಿಡುತ್ತದೆ. ನಮ್ಮ ಸೋದರತ್ತೆಯ ಮಗನಿಗೆ ಹೆಣ್ಣು ನೋಡಲು ಹೋಗಿ ಬಂದಾಗ, ಹುಡುಗಿ ಹೇಗಿದ್ದಾಳೆ ಎಂದು ಮನೆಯವರೆಲ್ಲ ಸುತ್ತುವರಿದು ಕೇಳಿದರೆ ವೈನಿ ಹೇಳಿದ್ದು ಇಷ್ಟೇ: "ಹುಡುಗೀದು ಫೋನ್ ಭಾಳ ಸಣ್ಣದೈತಿ. ಮ್ಯಾಲ ಒಂದು ಕಡೆ ಸೀಳೂ ಬಿಟ್ಟೈತಿ." ಇಂಥವರನ್ನು ಕಟ್ಟಿಕೊಂಡು ನಮ್ಮಣ್ಣ ತಾರ್ನಾಕದಲ್ಲಿ ಸಂಸಾರ ಮಾಡುತ್ತಿದ್ದಾನೆ!

ತಪ್ಪು ಅವರದಲ್ಲ, ಅವರ ಕೆಲಸದ್ದು. ಮೊಬೈಲ್ ಆ್ಯಪಿನ ಪರದೆಯ ಮೇಲೆ ಯಾವುದು ಎಲ್ಲಿ ಕೂಡಬೇಕು, ಫೋನು ಚಿಕ್ಕದಾದರೆ ಯಾವುದು ಸರಿದು ಯಾವುದಕ್ಕೆ ಜಾಗ ಬಿಡಬೇಕು ಎಂದು ಗೊತ್ತುಮಾಡುವುದು ಅವರ ಉದ್ಯೋಗ. ಇದನ್ನು ಸೋದರತ್ತೆಗೆ ತಿಳಿಸಿ ಹೇಳುವಷ್ಟರಲ್ಲಿ ವೈನಿಗೆ ಬೆವರು ಬಂದಿತ್ತು.

"ಅತ್ತೀ, ಮದವ್ಯಾಗ ಊಟಕ್ಕ ಕುಂದರಿಸಿದಂಗರೀ ಅದು. ಜಾಗಾ ದೊಡ್ಡದಿದ್ರ ಎಲ್ಲಾರೂ ಒಂದ ಸಾಲಿನ್ಯಾಗ ಕುಂದರತಾರ. ಸಣ್ಣದಿದ್ರ ಎರಡು ಸಾಲು ಮಾಡಬೇಕು. ಆದ್ರ ಯಾರೂ ಉಪಾಸ ಏಳಬಾರದು."

"ಅಂದ್ರ ನೀ ಆಫೀಸಿಗೆ ಬಡಸಾಕ ಹೋಗ್ತಿಯೇನು?" ಎಂದರು ಅತ್ತೆ. ವೈನಿ ಹೌದೆಂದು ತಲೆಯಾಡಿಸಿ ಪಾರಾದರು.

ಅವರ ಆಫೀಸಿನಲ್ಲಿ ಪರೀಕ್ಷೆಗೆಂದು ಇಟ್ಟಿರುವ ಫೋನುಗಳೆಲ್ಲ ಹೊಸವು, ಅಗಲವಾದವು. ಅವುಗಳಲ್ಲಿ ಎಲ್ಲವೂ ಚೆನ್ನಾಗಿಯೇ ಕಾಣುತ್ತದೆ. ಊರ ಜನರ ಕೈಯಲ್ಲಿ ಅಂಥ ಫೋನು ಎಲ್ಲಿದೆ? ಹಾಗಾಗಿ ವೈನಿ ಕಂಡಕಂಡವರ ಫೋನು ಇಸಿದುಕೊಂಡು, ಅಕ್ಷರಗಳನ್ನು ಆದಷ್ಟೂ ದೊಡ್ಡದು ಮಾಡಿ, ಅದರಲ್ಲಿ ತಮ್ಮ ಆ್ಯಪು ಹಾಕಿ ತೆರೆದು, ಉದ್ದ ಅಡ್ಡ ತಿರುಗಿಸಿ ನೋಡುತ್ತಾರೆ. ಎಲ್ಲವೂ ಜಾಗದಲ್ಲಿದ್ದರೆ ಅವರ ಮುಖ ಅರಳುತ್ತದೆ. ಇಲ್ಲದಿದ್ದರೆ ಅವತ್ತು ಅಣ್ಣನಿಗೆ ರಾತ್ರಿ ಉಪ್ಪಿಟ್ಟೇ ಗತಿ.

ಕಾಚಿಗೂಡದ ಕಲ್ಯಾಣ ಮಂಟಪವೊಂದರಲ್ಲಿ ನಮ್ಮ ಕಡೆಯದೇ ಮದುವೆ. ಹೆಂಗಸರೆಲ್ಲ ಒಬ್ಬರ ಸರ ಇನ್ನೊಬ್ಬರು ಮುಟ್ಟಿ ನೋಡುತ್ತಿದ್ದಾಗ ವೈನಿ ಸೀದಾ ಗಂಡಿನ ಸೋದರಮಾವನ ಹತ್ತಿರ ಹೋಗಿ, "ನಿಮ್ಮ ಫೋನ್ ಸ್ವಲ್ಪ ಕೊಡ್ರಿ" ಎಂದರು. ಬೀಗರು! ಇಲ್ಲವೆನ್ನಲು ಆದೀತೆ? ಕೊಟ್ಟರು. ವೈನಿ ಅಕ್ಷರ ಹಿಗ್ಗಿಸಿದರು, ಫೋನು ಅಡ್ಡ ಮಾಡಿದರು, ಆಮೇಲೆ ಎದೆಯ ಮೇಲೆ ಕೈಯಿಟ್ಟುಕೊಂಡು, "ಅಯ್ಯ ಶಿವನ, ಎಲ್ಲಾ ಹಾಳಾತಲ್ಲ!" ಎಂದು ಕೂಗಿದರು. ಬೀಗಿತ್ತಿಯ ಮುಖ ಬಿಳಿಚಿಕೊಂಡಿತು. ವಾಲಗದವರೂ ಅರೆಗಳಿಗೆ ನಿಲ್ಲಿಸಿ ಇತ್ತ ನೋಡಿದರು. ಹಾಳಾಗಿದ್ದು ಪರದೆಯ ಮೂಲೆಯಲ್ಲಿದ್ದ ಒಂದು ಗುಂಡಿ ಎಂದು ಎಲ್ಲರನ್ನೂ ಸಮಾಧಾನಪಡಿಸಬೇಕಾದರೆ ಅಣ್ಣನಿಗೆ ಸಾಕುಸಾಕಾಯಿತು. ಈ ಗಡಿಬಿಡಿಯಲ್ಲಿ ಅಕ್ಷರಗಳನ್ನು ಮೊದಲಿನಂತೆ ಮಾಡಲು ವೈನಿ ಮರೆತರು. ಆ ಮಾವ ಊಟಕ್ಕೆ ಕುಳಿತು ಫೋನು ತೆರೆದಾಗ, ಅವರ ಹೆಂಡತಿ ಕಳಿಸಿದ್ದ ಬೈಗುಳವನ್ನು ಎದುರು ಸಾಲಿನವರು ಕನ್ನಡಕವಿಲ್ಲದೆಯೇ ಓದಿದರು.

ಇನ್ನೊಮ್ಮೆ ರಾಯಚೂರಿಗೆ ಹೊರಟಿದ್ದ ನನ್ನನ್ನು ರೈಲು ಹತ್ತಿಸಲು ವೈನಿ ಕಾಚಿಗೂಡ ಸ್ಟೇಷನ್ನಿಗೆ ಬಂದಿದ್ದರು. ನನಗೆ ಟಾಟಾ ಮಾಡುವುದು ಬಿಟ್ಟು, ನನ್ನ ಹಿಂದಿನ ಕಿಟಕಿಯಲ್ಲಿ ಕುಳಿತಿದ್ದ ತೆಲುಗಿನ ಹಿರಿಯರೊಬ್ಬರ ಫೋನು ಇಸಿದುಕೊಂಡರು. ಗಾಡಿ ಹೊರಟಿತು. ಆ ಹಿರಿಯರು "ನಾ ಫೋನು! ನಾ ಫೋನು!" ಎಂದು ಕಿಟಕಿಯ ಸರಳು ಹಿಡಿದು ಅರಚುತ್ತಿದ್ದಾರೆ, ವೈನಿ ಫೋನಿನ ಮೇಲೆ ಬೆರಳಾಡಿಸುತ್ತಲೇ ಗಾಡಿಯ ಜೊತೆ ಓಡುತ್ತಿದ್ದಾರೆ! ಕೊನೆಗೂ ಕಿಟಕಿಯೊಳಗೆ ಅದನ್ನು ತುರುಕಿ, ಏದುಸಿರಿನಲ್ಲೇ, "ಮೀ ಫೋನ್‌ಲೋ ಚಾಲಾ ಬಾಗುಂದಂಡಿ!" ಎಂದು, ತಮ್ಮ ಆ್ಯಪು ಅವರ ಫೋನಿನಲ್ಲಿ ಬಹಳ ಚೆನ್ನಾಗಿದೆಯೆಂದು ತೆಲುಗಿನಲ್ಲೇ ಅಭಿನಂದಿಸಿದರು. ಆ ಹೆಂಗಸು ಯಾರೆಂದು ಡಬ್ಬಿಯವರೆಲ್ಲ ಕೇಳಿದರು. ನನಗೆ ಗೊತ್ತಿಲ್ಲ ಎಂದೆ.

"ಪೊಲೀಸರು ಹಿಡಕೊಂಡು ಹೋದ್ರ ಬಿಡಿಸ್ಕೊಂಡು ಬರಾಕ ನಾ ಬರಾಂಗಿಲ್ಲ ನೋಡು" ಎಂದು ಅಣ್ಣ ಗದರಿಸಿದರೆ ವೈನಿ ಅಂದರು, "ಬರಬ್ಯಾಡ್ರಿ. ಠಾಣೇದಾಗ ಥರಾವರಿ ಮಂದಿ ಇರತಾರ, ಥರಾವರಿ ಫೋನ್ ಇರತಾವು."

ಇಷ್ಟೆಲ್ಲ ಜನರನ್ನು ಕೇಳಿದವರು ಒಬ್ಬರನ್ನು ಮಾತ್ರ ಕೇಳಿರಲಿಲ್ಲ. ಅವರು ಅದೇ ಮನೆಯಲ್ಲಿರುವ ನಮ್ಮಪ್ಪ.

ಮಾವನ ಎದುರಿಗೆ ಹೋಗಿ ನಿಮ್ಮ ಫೋನು ಕೊಡಿ ಎನ್ನುವುದು ನಮ್ಮ ಮನೆಗಳಲ್ಲಿ ಸೊಸೆಯ ಬಾಯಿಗೆ ಬರುವ ಮಾತಲ್ಲ. ಅಪ್ಪ ಸಿಡುಕಿನವರಲ್ಲ, ವೈನಿಯಂತೂ ಅಂಜುವವರೇ ಅಲ್ಲ. ಆದರೂ ಅದೊಂದು ಮರ್ಯಾದೆ. ಅಪ್ಪ ಪಡಸಾಲೆಗೆ ಬಂದರೆ ವೈನಿ ಸೋಫಾ ಬಿಟ್ಟು ಏಳುತ್ತಾರೆ. ಇನ್ನು ಫೋನುಗಳಾದರೂ ನಮ್ಮಲ್ಲಿ ಹೇಗೆ ಬರುತ್ತವೆ? ಹೊಸದು ಮಕ್ಕಳಿಗೆ, ಮಕ್ಕಳು ಬಿಟ್ಟಿದ್ದು ಅಪ್ಪಂದಿರಿಗೆ, ಅವರೂ ಬಿಟ್ಟಿದ್ದು ಅಜ್ಜಂದಿರಿಗೆ. ಮನೆಯಲ್ಲಿ ಎಲ್ಲರಿಗಿಂತ ಮಂದವಾದ ಕಣ್ಣಿಗೆ ಎಲ್ಲಕ್ಕಿಂತ ಚಿಕ್ಕ ಪರದೆ! ಯಾರೂ ಬೇಕೆಂದು ಮಾಡಿದ ಏರ್ಪಾಡಲ್ಲ, ನಡೆದುಬಂದದ್ದು.

ಅಪ್ಪನ ಎರಡೂ ಕಣ್ಣುಗಳ ಒಳಪದರ ಕೆಟ್ಟಿತ್ತು. ಆಗಾಗ ಕಣ್ಣಿಗೆ ಇಂಜೆಕ್ಷನ್ ಹಾಕಿಸಬೇಕು, ತಪ್ಪಿಸಿದರೆ ದೃಷ್ಟಿ ಇಳಿಯುತ್ತದೆ ಎಂದು ಡಾಕ್ಟರು ಹೇಳಿದ್ದರು. ಸರಕಾರಿ ನೌಕರಿ ಮುಗಿಸಿದ ಮೇಲೂ ಯಾರ ಕೈಯನ್ನೂ ಕಾಯದ ಮನುಷ್ಯ. ಡಾಕ್ಟರನ್ನು ಕಾಣುವ ತಾರೀಖನ್ನು ತಾವೇ ತೆಗೆದುಕೊಳ್ಳುತ್ತಿದ್ದರು. ಅಷ್ಟರಲ್ಲಿ ಆಸ್ಪತ್ರೆಯವರು, ಇನ್ನು ಮೇಲೆ ತಾರೀಖೆಲ್ಲ ಆ್ಯಪಿನಲ್ಲೇ ಎಂದರು. ಆ ಆ್ಯಪಿನ ಪರದೆಗಳನ್ನು ಮಾಡಿದ್ದು ನಮ್ಮ ವೈನಿ. "ನಮ್ಮ ಸೊಸಿ ಮಾಡ್ಯಾಳ" ಎಂದು ಅಪ್ಪ ವಾಕಿಂಗಿನ ಗೆಳೆಯರಿಗೆಲ್ಲ ಹೇಳಿಕೊಂಡು ಬಂದಿದ್ದರು.

ನಾನಿರುವುದು ಹಿಮಾಯತ್‌ನಗರದಲ್ಲಿ. ಒಂದು ಭಾನುವಾರ ತಾರ್ನಾಕದ ಅಣ್ಣನ ಮನೆಗೆ ಹೋದಾಗ ಅಪ್ಪ ಕಪ್ಪಿನಿಂದ ಬಸಿಗೆ ಚಹಾ ಸುರಿಯುತ್ತಿದ್ದರು. ಚಹಾ ಬಸಿಯ ಪಕ್ಕದಲ್ಲಿ, ಟೀಪಾಯಿಯ ಮೇಲೆ ಹರಿಯುತ್ತಿತ್ತು. ಅವರಿಗದು ತಿಳಿದಿರಲಿಲ್ಲ. ನಾನು ಬಟ್ಟೆ ತಂದು ಒರೆಸಿದೆ.

"ಅಪ್ಪಾ, ಇಂಜೆಕ್ಷನ್ ಯಾವಾಗೈತಿ?"

"ಡಾಕ್ಟರು ಮುಂದ ಹಾಕ್ಯಾರ."

"ಹೋದ ಸರ್ತಿನೂ ಹಂಗ ಅಂದಿದ್ರಿ."

ಮಗಳಿಗೇನು ಮರ್ಯಾದೆ? ನಾನು ಅವರ ಜೇಬಿನಿಂದ ಫೋನು ತೆಗೆದುಕೊಂಡು ಆ್ಯಪು ತೆರೆದೆ. ಅಪ್ಪನ ಕಣ್ಣಿಗೆ ತಕ್ಕಂತೆ ಅಕ್ಷರಗಳೆಲ್ಲ ದೊಡ್ಡವಿದ್ದವು. ತಾರೀಖು ಕಂಡಿತು, ವೇಳೆ ಕಂಡಿತು. ಅಷ್ಟಕ್ಕೇ ಆ ಪುಟ್ಟ ಪರದೆ ತುಂಬಿಹೋಗಿತ್ತು. ಕೊನೆಗೆ ಒತ್ತಬೇಕಾದ ಗುಂಡಿ ಕೆಳಗೆಲ್ಲೋ ಪರದೆಯಾಚೆ ಉಳಿದಿತ್ತು, ಎಷ್ಟು ಸರಿಸಿದರೂ ಮೇಲೆ ಬರಲಿಲ್ಲ. ಒತ್ತದೆ ತಾರೀಖು ಸಿಗುವುದಿಲ್ಲ.

"ಇಷ್ಟ ದಿನಾ ಯಾಕ ಹೇಳಲಿಲ್ಲ ಅಪ್ಪಾ?"

"ಏನಂತ ಹೇಳ್ಲಿ? ಆಕಿ ಎಲ್ಲಾರ ಫೋನಿನ್ಯಾಗೂ ನೋಡಿ ನೋಡಿ ಮಾಡ್ಯಾಳ. ತಪ್ಪು ಇರಾಂಗಿಲ್ಲ. ಗುಂಡಿ ಇರತೈತಿ, ನನ್ನ ಕಣ್ಣಿಗೆ ಕಾಣವಲ್ದು ಅಂತ ತಿಳಕೊಂಡೆ."

ಅಡುಗೆಮನೆಯ ಬಾಗಿಲಲ್ಲಿ ಮಂಡಕ್ಕಿ ಸೂಸಲದ ತಾಟು ಹಿಡಿದು ವೈನಿ ನಿಂತಿದ್ದರು. ಎಲ್ಲವನ್ನೂ ಕೇಳಿಸಿಕೊಂಡಿದ್ದರು. ತಾಟನ್ನು ಕೆಳಗಿಟ್ಟು ಬಂದು, ನನ್ನ ಕೈಯಿಂದ ಫೋನು ತೆಗೆದುಕೊಂಡು ನೋಡಿದರು. ಅಂಥ ಮುಖವನ್ನು ನಾನು ಇನ್ನೊಮ್ಮೆ ನೋಡಲಾರೆ.

ಮಾರನೆಯ ದಿನವೇ ಅಪ್ಪನನ್ನು ಆಸ್ಪತ್ರೆಗೆ ಕರೆದುಕೊಂಡು ಹೋದೆವು. ಎಡಗಣ್ಣಿನಲ್ಲಿ ಹೋಗಿದ್ದು ಹೋಯಿತು, ಮರಳಿ ಬರುವುದಿಲ್ಲ. ಬಲಗಣ್ಣನ್ನು ಕಾಯ್ದುಕೊಳ್ಳಬಹುದು ಎಂದರು ಡಾಕ್ಟರು. ವೈನಿ ಮನೆಗೆ ಬಂದು ಕೋಣೆ ಸೇರಿದರು. ಊಟ ಬಿಟ್ಟರು, ಮಾತು ಬಿಟ್ಟರು. ಅಣ್ಣ ತಾನಾಗಿ ತನ್ನ ಫೋನು ಮುಂದೆ ಹಿಡಿದರೂ ಕಣ್ಣೆತ್ತಿ ನೋಡಲಿಲ್ಲ. ನಕ್ಕು ನಗಿಸುತ್ತಿದ್ದ ಆ ಹುಚ್ಚು ಇಲ್ಲದೆ ಮನೆ ಭಣಗುಟ್ಟುತ್ತಿತ್ತು.

ಆಮೇಲೆ ಒಂದು ಬೆಳಿಗ್ಗೆ ಎದ್ದು, ಅಪ್ಪನ ಫೋನನ್ನೇ ಕೇಳಿ ಪಡೆದು ಆಫೀಸಿಗೆ ಹೋದರು. ಇಂಥ ಹಳೆಯ ಫೋನು ಎಷ್ಟು ಜನರ ಹತ್ತಿರ ಇದ್ದೀತು ಎಂದು ಅಲ್ಲಿನ ದೊಡ್ಡವರು ತಗಾದೆ ತೆಗೆದರಂತೆ. "ಇದ್ರಾಗ ನೀವ ಒಂದು ತಾರೀಖು ತಗೊಂಡು ತೋರಸ್ರಿ" ಎಂದು ವೈನಿ ಫೋನನ್ನು ಮೇಜಿನ ಮೇಲಿಟ್ಟರಂತೆ. ಒಬ್ಬರಿಗೂ ಆಗಲಿಲ್ಲ. ಎಲ್ಲ ಪರದೆಗಳನ್ನೂ ಮತ್ತೆ ಮೊದಲಿನಿಂದ ಮಾಡಿದರು.

ಹೊಸ ಆ್ಯಪು ಬಂದ ಸಂಜೆ ನಾನೂ ಅಲ್ಲೇ ಇದ್ದೆ. ಅಪ್ಪ ಫೋನನ್ನು ಬಲಗಣ್ಣಿನ ಹತ್ತಿರ ಹಿಡಿದು ತಾರೀಖು ಆರಿಸಿದರು, ವೇಳೆ ಆರಿಸಿದರು. ಗುಂಡಿ ಅಲ್ಲೇ ಕೆಳಗೆ ದೊಡ್ಡದಾಗಿ ಕಾದಿತ್ತು. ಒತ್ತಿದರು. ತಾರೀಖು ಸಿಕ್ಕಿತು. ವೈನಿ ಗೋಡೆಗೊರಗಿ ನಿಂತಿದ್ದರು.

"ಇದು ನನ್ನ ಫೋನಿಗಷ್ಟ ಮಾಡೀಯೇನವ್ವಾ?" ಎಂದು ಅಪ್ಪ ಕೇಳಿದರು.

"ಇಲ್ರಿ ಮಾವಾರ, ಎಲ್ಲಾರಿಗೂ. ಎಂಥಾ ಸಣ್ಣ ಫೋನಿದ್ರೂ, ಅಕ್ಷರ ಎಷ್ಟ ದೊಡ್ಡವಿದ್ರೂ ಗುಂಡಿ ಕಾಣತೈತಿ."

ಅಪ್ಪ ಫೋನನ್ನು ಜೇಬಿಗೆ ಹಾಕಿಕೊಂಡರು. "ಹಂಗಾರ ನನ್ನ ಕಣ್ಣು ಸುಮ್ಮನ ಹೋಗಲಿಲ್ಲ ಬಿಡವ್ವಾ" ಎಂದರು.

ವೈನಿ ಅವರ ಕಾಲ ಬಳಿ ಕುಸಿದು ಕುಳಿತು, ಮೊಣಕಾಲಿಗೆ ಹಣೆ ಹಚ್ಚಿ ಅತ್ತುಬಿಟ್ಟರು. ಸೊಸೆಯ ತಲೆ ಎಲ್ಲಿದೆ ಎಂದು ಅಪ್ಪನಿಗೆ ಸರಿಯಾಗಿ ಕಾಣಲಿಲ್ಲ. ಕೈಯಿಂದ ತಡಕಾಡಿ, ಸಿಕ್ಕ ಮೇಲೆ, ಅದನ್ನು ಮೆಲ್ಲಗೆ ಸವರುತ್ತ ಕುಳಿತರು.